ಬಸ್ ನಿಲ್ದಾಣದ ಎದುರಿಗೇ ಕೋಟೆ ಇದೆ, ಹೇಳುವವರಿಲ್ಲ

ರಾಯಚೂರು ನಗರದ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ ಮತ್ತು ಜನಪ್ರತಿನಿಧಿಗಳಿಗೆ,

ಮಾನ್ಯರೇ,

ನಮಸ್ಕಾರ. ರಾಯಚೂರಿಗೆ ಪ್ರವಾಸಿಗರು ಬರುವುದಿಲ್ಲ ಅಂತ ನೀವು ಸಭೆಗಳಲ್ಲಿ ಹೇಳುತ್ತೀರಿ, ನಾವು ಅಂಗಡಿ ಕಟ್ಟೆಯ ಮೇಲೆ ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಜನ ಬರುತ್ತಾರೆ. ಮಂತ್ರಾಲಯಕ್ಕೆ ಹೋಗುವವರು ಇಲ್ಲಿ ಇಳಿಯುತ್ತಾರೆ. ಕೃಷ್ಣೆಯ ನಡುಗಡ್ಡೆಯಲ್ಲಿರುವ ಕುರುವಪುರಕ್ಕೆ ಹೋಗುವ ದತ್ತನ ಭಕ್ತರು ಈ ಊರು ದಾಟಿಯೇ ಹೋಗುತ್ತಾರೆ. ಮುಂಬೈ ಕಡೆಯಿಂದ ಬಂದ ರೈಲು ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿಕೊಂಡಿದ್ದೇ ನಮ್ಮ ರಾಯಚೂರಿನಲ್ಲಿ. ಅವತ್ತಿನಿಂದ ಇದು ಹತ್ತಿ ಇಳಿಯುವವರ ಊರು. ಬಂದವರು ಬಸ್ ನಿಲ್ದಾಣದಲ್ಲಿ ಕೂತು, ಮೊಬೈಲ್ ನೋಡುತ್ತಾ ಹೊತ್ತು ಕಳೆದು, ಬಸ್ ಬಂದ ಕೂಡಲೇ ಹೊರಟುಬಿಡುತ್ತಾರೆ. ಎದುರಿಗೇ ಏಳು ನೂರು ವರ್ಷ ದಾಟಿದ ಕೋಟೆ ಇದೆ ಅನ್ನುವುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇದು ಹೊಸ ಯೋಜನೆ ಕೇಳುವ ಪತ್ರ ಅಲ್ಲ. ಏಮ್ಸ್ ಆಸ್ಪತ್ರೆ ಬೇಕು ಅಂತ ನಮ್ಮೂರಿನ ಜನ 2022ರಿಂದ ಧರಣಿ ಕೂತರು. ದೊಡ್ಡ ಬೇಡಿಕೆ ಅಂದರೆ ಎಷ್ಟು ಕಾಯಬೇಕು ಅನ್ನುವ ಪಾಠ ನಮಗೆ ಚೆನ್ನಾಗಿ ಆಗಿದೆ. ನಾನು ಕೇಳುತ್ತಿರುವುದು ಬೋರ್ಡು, ನೀರು, ಶೌಚಾಲಯ, ಬೀಗದ ಕೈ. ಇದಕ್ಕೆ ದೆಹಲಿಯ ಮಂಜೂರಾತಿ ಬೇಕಾಗಿಲ್ಲ, ಅಲ್ವಾ?

ನಾನು ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿಗೆ ಸೊಸೆಯಾದವಳು. ಮಗಳನ್ನು ಮಾತ್ರ ದೂರದ ತೀರ್ಥಹಳ್ಳಿ ಕಡೆ ಕೊಟ್ಟಿದ್ದೇವೆ. ಶಿವರಾತ್ರಿ ಕಳೆದ ಮೇಲೆ ಬೀಗರು, ಬೀಗಿತ್ತಿ, ಅವರ ತಂಗಿಯ ಮಗ ಮಂತ್ರಾಲಯಕ್ಕೆ ಬಂದಿದ್ದರು. ರಾಯರ ದರ್ಶನ ಮುಗಿಸಿಕೊಂಡು ನಮ್ಮ ಮನೆಗೆ ಬಂದರು. ವಾಪಸ್ ಹೋಗುವ ಬಸ್ ಮರುದಿನ ರಾತ್ರಿಗೆ. ನಡುವೆ ಇಡೀ ಒಂದು ಹಗಲು ಖಾಲಿ. "ನಿಮ್ಮೂರಲ್ಲಿ ನೋಡೋಕೆ ಏನಾದ್ರೂ ಇದೆಯಾ ಬೀಗರೇ? ಇಲ್ಲಾಂದ್ರೆ ಮನೇಲೇ ಕೂತು ಮಾತಾಡೋಣ ಬಿಡಿ" ಅಂತ ಬೀಗರು ನಮ್ಮ ಯಜಮಾನರನ್ನು ಕೇಳಿದರು. ಮಾತಿನಲ್ಲಿ ಕೊಂಕು ಇರಲಿಲ್ಲ. ಆದರೂ ಹೆಣ್ಣು ಕೊಟ್ಟವರು ನಾವು. ಬೀಗರ ಮುಂದೆ ನಮ್ಮೂರು ಬರಿದು ಅಂತ ಒಪ್ಪಿಕೊಳ್ಳುವುದಾದರೂ ಹೇಗೆ? "ಒಂದು ದಿನ ಸಾಲಂಗಿಲ್ರಿ, ಬೆಳಿಗ್ಗೆ ಲಗೂನ ಏಳ್ರಿ" ಅಂದೆ. ನಮ್ಮ ಯಜಮಾನರು ಗಾಬರಿಯಾಗಿ ನನ್ನ ಮುಖ ನೋಡಿದರು. ಆ ಒಂದು ದಿನದಲ್ಲಿ ಕಂಡದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ದಿನ ಶುರುವಾಗಿದ್ದು ಒಗ್ಗರಣೆ ಮಿರ್ಚಿಯಿಂದ. ನಮ್ಮ ಕಡೆ ಬೇರೆ ಯಾವುದರಿಂದ ಶುರುವಾಗುತ್ತದೆ ಹೇಳಿ? ನೀರಿನಲ್ಲಿ ಅದ್ದಿ ಹಿಂಡಿದ ಮಂಡಾಳು, ಅಂದರೆ ಮಂಡಕ್ಕಿ, ಅದಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿದ ಒಗ್ಗರಣೆ, ಮೇಲೆ ಉದುರಿಸಿದ ಪುಟಾಣಿ ಹಿಟ್ಟು. ಪಕ್ಕದ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿ. ಗಾಡಿಯ ಮುಂದೆ ನಿಂತೇ ತಿಂದೆವು. ಮಲೆನಾಡಿನ ಬೀಗರಿಗೆ ಮಂಡಕ್ಕಿ ಅಂದರೆ ಸಂಜೆ ಹೊತ್ತಿನ ಕುರುಕಲು. ಅದು ಬೆಳಗಿನ ನಾಷ್ಟಾ ಆಗಬಹುದು ಅಂತ ಅವರು ಎಣಿಸಿರಲಿಲ್ಲ. ಎರಡನೇ ಪ್ಲೇಟು ತಾವಾಗಿಯೇ ಕೇಳಿದರು.

ರುಚಿಗೆ ನನ್ನದೇನೂ ತಕರಾರಿಲ್ಲ. ತಕರಾರು ಪ್ಲೇಟಿನ ಮೇಲೆ ಹಾಸಿದ್ದ ಪೇಪರಿನದು. ಬೀಗಿತ್ತಿಯ ಪಾಲಿಗೆ ಬಂದ ಹಾಳೆಯಲ್ಲಿ ಯಾರದೋ ಶ್ರದ್ಧಾಂಜಲಿಯ ಫೋಟೋ ಇತ್ತು. ಎಣ್ಣೆ ಹೀರಿಕೊಂಡು ಆ ಯಜಮಾನರ ಮುಖ ಭಜಿಯ ಕೆಳಗಿಂದ ಸ್ಪಷ್ಟವಾಗಿ ಮೇಲೆದ್ದಿತ್ತು. ಭಜಿ ತೆಗೆದರೆ ಅದರ ತಳಕ್ಕೆ ಕಪ್ಪು ಅಕ್ಷರ ಅಂಟಿತ್ತು. ಬೀಗಿತ್ತಿ ಏನೂ ಅನ್ನಲಿಲ್ಲ. ಭಜಿಯ ತಳ ಚಿವುಟಿ ಬದಿಗಿಟ್ಟು ಉಳಿದದ್ದನ್ನು ತಿಂದರು. ಸುದ್ದಿಪತ್ರಿಕೆಯ ಹಾಳೆಯಲ್ಲಿ ತಿನಿಸು ಕಟ್ಟಬಾರದು, ಬಡಿಸಬಾರದು ಅಂತ ಆಹಾರ ಸುರಕ್ಷತೆಯ ಪ್ಯಾಕೇಜಿಂಗ್ ನಿಯಮ 2018ರಲ್ಲೇ ಬಂದಿದೆ. ಹಾಗಂತ ನಾಳೆಯೇ ಹೋಗಿ ಗಾಡಿಯವರಿಗೆ ದಂಡ ಹಾಕಬೇಡಿ. ನಾನು ಕೇಳುತ್ತಿರುವುದು ಅದಲ್ಲ. ನಮ್ಮಲ್ಲಿ ನಿಯಮ ನೆನಪಾಗುವುದೇ ಗಾಡಿ ಎತ್ತಿಸುವಾಗ. ಮುತ್ತುಗದ ಎಲೆಯ ಪ್ಲೇಟು ಕಡಿಮೆ ರೇಟಿಗೆ ಸಿಗುವ ಹಾಗೆ ಮಾಡಿ. ಸಾಲಾಗಿ ಗಾಡಿ ನಿಲ್ಲುವ ಕಡೆ ಒಂದು ನಲ್ಲಿ, ಒಂದು ಕಸದ ಡಬ್ಬಿ ಕೊಡಿ. ಪೇಪರು ತಾನಾಗಿಯೇ ಹೋಗುತ್ತದೆ. ಬೆಳಗಿನ ಜಾವ ಎದ್ದು ಊರಿಗೆಲ್ಲ ನಾಷ್ಟಾ ಹಾಕುವವರು ಅವರು. ಅವರನ್ನು ಓಡಿಸಿ ಊರು ಚೆಂದ ಮಾಡುತ್ತೇವೆ ಅನ್ನುವ ಮಾತು ಬೇಡ.

ಅಲ್ಲಿಂದ ಕೋಟೆಗೆ ಅಂತ ಆಟೋ ಕೇಳಿದೆ. ನಡೆದೇ ಹೋಗಬಹುದಿತ್ತು, ಬೀಗಿತ್ತಿಗೆ ಮಂಡಿನೋವು. ಆಟೋದ ಹುಡುಗ ಒಳ್ಳೆಯವನು. "ಕ್ವಾಟಿಗೇನ್ ನೋಡ್ತೀರಿ ಅಕ್ಕಾರ, ಬರೀ ಕಲ್ಲದಾವು. ಮಂತ್ರಾಲಯಕ್ಕ ಹೊಂಟ್ರ ಹೇಳ್ರಿ, ಬಿಟ್ಟು ಬರ್ತೀನಿ" ಅಂದ. ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಆ ಕಲ್ಲಿನಲ್ಲಿ ಏನಿದೆ ಅಂತ ಅವನಿಗೆ ಶಾಲೆಯಲ್ಲಿ ಯಾರೂ ತೋರಿಸಿಲ್ಲ. ನಮ್ಮೂರಿನ ಶಾಲೆಯ ಮಕ್ಕಳು ಟ್ರಿಪ್ಪಿಗೆ ಹಂಪಿಗೆ ಹೋಗುತ್ತಾರೆ, ವಿಜಯಪುರಕ್ಕೆ ಹೋಗುತ್ತಾರೆ, ಬಾದಾಮಿಗೆ ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಹೋಗುವ ಬಸ್ಸು ಹೊರಡುವುದು ಮಾತ್ರ ನಮ್ಮ ಕೋಟೆಯ ಗೋಡೆ ದಾಟಿಕೊಂಡು.

ಒಳಕೋಟೆಯ ಪಡುವಣ ಗೋಡೆಯಲ್ಲಿರುವ ಆ ಉದ್ದ ಕಲ್ಲನ್ನು ನಿಮ್ಮಲ್ಲಿ ಎಷ್ಟು ಜನ ಹತ್ತಿರ ನಿಂತು ನೋಡಿದ್ದೀರಿ? 41 ಅಡಿಗೂ ಜಾಸ್ತಿ ಉದ್ದದ ಒಂದೇ ಕಲ್ಲು. ಅದರ ಮೇಲೆ ತೆಲುಗು ಶಾಸನ. ವಾರಂಗಲ್ಲಿನ ಕಾಕತೀಯರ ಕಡೆಯ ವಿಠಲನಾಥನ ಅಪ್ಪಣೆಯಂತೆ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ, ವರ್ಷ 1294 ಅನ್ನುವುದು ಅದರ ತಿರುಳು. ಬರಹ ಓದಲು ಬಾರದವರಿಗೂ ಅಲ್ಲಿ ಒಂದು ಹಬ್ಬವಿದೆ. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಅಂತ ಅದೇ ಗೋಡೆಯ ಮೇಲೆ ಗೀರಿ ಚಿತ್ರ ಬರೆದಿಟ್ಟಿದ್ದಾರೆ. ಬಂಡಿಯ ಮೇಲೆ ಕಲ್ಲು, ಬಂಡಿಗೆ ಕಟ್ಟಿದ ದನಗಳ ಉದ್ದ ಸಾಲು, ಗಾಲಿಗೆ ಸನ್ನೆ ಹಾಕಿ ನೂಕುವ ಆಳುಗಳು. ಬೀಗರು ಕನ್ನಡಕ ಒರೆಸಿಕೊಂಡು ಗೋಡೆಗೆ ಮುಖ ತಾಗಿಸಿ ನೋಡಿದರು. ಎಳೆಯುತ್ತಿರುವುದು ಎತ್ತೋ ಕೋಣವೋ ಅಂತ ಅವರಿಗೂ ನಮ್ಮ ಯಜಮಾನರಿಗೂ ಅಲ್ಲೇ ವಾದ ಹತ್ತಿತು. ಕೋಡು ನೋಡಿ ಕೋಣ ಅಂದರು ನಮ್ಮವರು. ಗದ್ದೆಯಲ್ಲಿ ಕೋಣ ಕಟ್ಟಿ ಉತ್ತ ಮನೆತನದ ಬೀಗರು, ಹೆಗಲಿನ ಮಟ್ಟ ನೋಡಿ ಎತ್ತು ಅಂದರು. ಈ ವಾದ ಬಗೆಹರಿಸಲು ಅಲ್ಲಿ ಒಂದು ಸಾಲಿನ ಬರಹವೂ ಇರಲಿಲ್ಲ.

ನನ್ನನ್ನು ಕೇಳಿದರೆ, ಆ ಚಿತ್ರದ ಮುಂದೆ ನಿಂತಾಗ ನಮ್ಮೂರಿನವರಿಗೆ ಬೇರೆಯದೇ ಒಂದು ನೆನಪಾಗಬೇಕು. ಕಾರಹುಣ್ಣಿಮೆಗೆ ಮುಂಗಾರು ಹಬ್ಬ ಮಾಡುತ್ತೀವಲ್ಲ, ಅಲ್ಲಿ ಏನು ನಡೆಯುತ್ತದೆ? ಎತ್ತುಗಳಿಂದ ಕಲ್ಲು ಎಳೆಸುವ ಸ್ಪರ್ಧೆ. ಟನ್ನುಗಟ್ಟಲೆ ತೂಕದ ಕಲ್ಲು, ಎರಡೂ ಬದಿಗೆ ಕೇಕೆ ಹಾಕುವ ಜನ. ಆಂಧ್ರ, ತೆಲಂಗಾಣದಿಂದಲೂ ಜೋಡೆತ್ತು ಬರುತ್ತವೆ. ಗೋಡೆಯ ಮೇಲೆ 1294ರಲ್ಲಿ ದನಗಳು ಕಲ್ಲು ಎಳೆಯುತ್ತಿವೆ, ಅದೇ ಊರಿನಲ್ಲಿ ಇವತ್ತಿಗೂ ವರ್ಷಕ್ಕೊಮ್ಮೆ ಎಳೆಯುತ್ತಿವೆ. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಹತ್ತಿರ ಆಧಾರವಿಲ್ಲ. ಆದರೆ ಇವೆರಡನ್ನೂ ಒಂದೇ ಬೋರ್ಡಿನಲ್ಲಿ ಬರೆದು ನಿಲ್ಲಿಸಿದರೆ ಬಂದವರು ಆ ಗೋಡೆಯನ್ನು ಸುಮ್ನೆ ದಾಟಿ ಹೋಗುತ್ತಾರೆಯೇ? ಹಬ್ಬದ ದಿನ ಗಂಜ್ ಮಾರುಕಟ್ಟೆಗೆ ಬಂದ ಸಾವಿರಾರು ಜನರಲ್ಲಿ ಒಂದಷ್ಟು ಮಂದಿಯಾದರೂ ಕೋಟೆ ಕಡೆ ಕಾಲು ಹಾಕುವುದಿಲ್ಲವೇ?

ಅಲ್ಲಿ ಬೋರ್ಡೇ ಇಲ್ಲ ಅನ್ನುವ ಹಾಗಿಲ್ಲ. ನಾವು ನೋಡಿದ ಬೋರ್ಡಿನಲ್ಲಿ ಇದು ಸಂರಕ್ಷಿತ ಸ್ಮಾರಕ, ಹಾಳುಮಾಡಿದರೆ ಶಿಕ್ಷೆ, ದಂಡ ಅಂತ ಇತ್ತು. ಇರಬೇಕು ಸರಿ. ಆದರೆ ಸಂರಕ್ಷಿಸುವಂಥದ್ದು ಅದರಲ್ಲಿ ಏನಿದೆ ಅಂತಲೂ ಹೇಳಬೇಕಲ್ಲವೇ? ಬೆಲೆ ಗೊತ್ತಿಲ್ಲದ್ದನ್ನು ಯಾರೂ ಕಾಯುವುದಿಲ್ಲ. ಅದಕ್ಕೆ ಪುರಾವೆ ಬೇಕಾದರೆ ಗೋಡೆಯ ಬುಡಕ್ಕೆ ಹೋಗಿ ನಿಲ್ಲಿ. ಮೂಗು ಮುಚ್ಚಿಕೊಳ್ಳದೆ ನಿಲ್ಲಲು ಆಗುವುದಿಲ್ಲ. ಬೀಗರ ಹುಡುಗ ಫೋಟೋ ತೆಗೆಯಲು ಹಿಂದೆ ಸರಿದವನು, ಕಾಲಿಟ್ಟ ಜಾಗ ನೋಡಿ ಜಿಗಿದು ಮುಂದೆ ಬಂದ.

1520ರ ಯುದ್ಧದ ಮಾತೂ ಅಷ್ಟೇ. ಕೃಷ್ಣದೇವರಾಯ, ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹ ಇದೇ ಕೋಟೆಗಾಗಿ ಕಾದಾಡಿದರು. ನೂನಿಜ್ ಅನ್ನುವ ಪೋರ್ಚುಗೀಸ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಗೋಡೆಯ ಕಲ್ಲು ಕಿತ್ತು ತಂದ ಸೈನಿಕರಿಗೆ ಕಲ್ಲಿನ ಗಾತ್ರ ನೋಡಿ ಪಣ ಕೊಡುತ್ತಿದ್ದರಂತೆ. ಪೋರ್ಚುಗೀಸ್ ಬಂದೂಕಿನವರು ಮೇಲಿನ ಕಾವಲುಗಾರರ ಕಡೆ ಗುಂಡು ಹಾರಿಸುತ್ತಿದ್ದರೆ, ಕೃಷ್ಣದೇವರಾಯನ ಆಳುಗಳು ಕೆಳಗೆ ನಿರಾಳವಾಗಿ ಕಲ್ಲು ಕೀಳುತ್ತಿದ್ದರಂತೆ. ಇದನ್ನು ನಾನು ಹೇಳುವಾಗ ಆ ಹುಡುಗ ಮೊದಲ ಸಲ ಮೊಬೈಲ್ ಜೇಬಿಗೆ ಹಾಕಿದ. ಹಂಪಿಗೆ ಹೋಗಿ ಕೃಷ್ಣದೇವರಾಯನ ಕತೆ ಕೇಳುವವರು, ಆತ ಗೆದ್ದ ಕೋಟೆಯ ಎದುರು ಬಸ್ಸಿಗೆ ಕಾಯುತ್ತಾ ಕೂತಿರುತ್ತಾರೆ.

ಬೋರ್ಡು ಬರೆಸುವಾಗ ಒಂದು ಮಾತು ನೆನಪಿರಲಿ. ಈ ಕೋಟೆ ಕಾಕತೀಯರ ಕೈಯಲ್ಲಿತ್ತು, ಬಹಮನಿಗಳ ಕೈಯಲ್ಲಿತ್ತು, ವಿಜಯನಗರದವರ ಕೈಯಲ್ಲಿತ್ತು, ಆದಿಲ್ ಶಾಹಿಗಳ ಕೈಯಲ್ಲಿತ್ತು, ಮೊಗಲರು ಬಂದರು, 1948ರವರೆಗೆ ನಿಜಾಮರದ್ದಾಗಿತ್ತು. ಎಲ್ಲರನ್ನೂ ಬರೆಯಿರಿ. ತಮಗೆ ಬೇಕಾದವರನ್ನಷ್ಟೇ ಇಟ್ಟುಕೊಂಡು ಉಳಿದವರನ್ನು ಬಿಡುವ ಚಾಳಿ ಈಗ ಜಾಸ್ತಿಯಾಗಿದೆ. ಕೋಟೆಯ ಬಾಗಿಲುಗಳ ಹೆಸರನ್ನೇ ನೋಡಿ. ನೌರಂಗಿ, ಮೆಕ್ಕಾ, ಕಾಟಿ, ಖಂದಕ್, ದೊಡ್ಡಿ. ಯಾವುದನ್ನು ಅಳಿಸುತ್ತೀರಿ?

ಇನ್ನು ಸ್ವಲ್ಪ ಕಷ್ಟದ ವಿಷಯ. ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದ ವಿಷಯ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಹನ್ನೊಂದು ಗಂಟೆಯ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಮ್ಮೂರಿನ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡುತ್ತೇವೆ. ನೀರಿನ ಬಾಟಲಿ ಕೊಟ್ಟರೆ ಬೀಗಿತ್ತಿ ಬೇಡ ಅಂದರು. ಮತ್ತೆ ಕೊಟ್ಟೆ, ಮತ್ತೆ ಬೇಡ. ತುಟಿ ಒಣಗಿತ್ತು. ಪಕ್ಕಕ್ಕೆ ಕರೆದು ಕೇಳಿದರೆ, "ನೀರು ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗೋದು ಹೇಳಿ? ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಒಂದೂ ಕಾಣ್ಲಿಲ್ಲ" ಅಂದರು. ಬೆಳಿಗ್ಗೆ ಚಹಾ ಕುಡಿದದ್ದು ಬಿಟ್ಟರೆ ಅವರು ಗಂಟಲಿಗೆ ಹನಿ ನೀರು ಇಳಿಸಿರಲಿಲ್ಲ. ಸಕ್ಕರೆ ಕಾಯಿಲೆಯ ಹೆಂಗಸು. ಕೊನೆಗೆ ನೋಡುವುದನ್ನು ಅರ್ಧಕ್ಕೆ ಬಿಟ್ಟು ಪರಿಚಯದವರ ಮನೆಗೆ ಕರೆದುಕೊಂಡು ಹೋದೆ. ಪರಿಚಯದವರು ಇಲ್ಲದ ಊರಿನಿಂದ ಬಂದವರು ಏನು ಮಾಡಬೇಕು?

ಗಂಡಸರಿಗೆ ಗೋಡೆ ಇದೆ, ಅದನ್ನು ಅವರು ಬಳಸುತ್ತಲೂ ಇದ್ದಾರೆ ಅಂತ ಮೇಲೆಯೇ ಹೇಳಿದೆ. ಕೋಟೆಯ ಹತ್ತಿರ ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆಯಾಗಿ, ನೀರಿರುವ, ಚಿಲಕ ಸರಿಯಿರುವ ಶೌಚಾಲಯ ಕಟ್ಟಿ. ಕಟ್ಟಿಸಿ ಫೋಟೋ ತೆಗೆಸಿಕೊಂಡು ಬೀಗ ಹಾಕಬೇಡಿ. ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಅವರಿಗೆ ತಿಂಗಳು ತಿಂಗಳು ಸಂಬಳ ಕೊಡಿ. ನನ್ನ ಎಲ್ಲ ಬೇಡಿಕೆಗಳಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಊರಿನ ಹೆಸರಿನ ದೊಡ್ಡ ದೊಡ್ಡ ಅಕ್ಷರ ನಿಲ್ಲಿಸಿ, ಬಣ್ಣದ ಲೈಟು ಹಾಕಿ ಸೆಲ್ಫಿ ತೆಗೆಸುವುದು ಈಗ ಎಲ್ಲ ಊರಿನಲ್ಲೂ ನಡೆದಿದೆ. ಆ ಅಕ್ಷರದ ಹಿಂದೆ ಹೋಗಿ ಒಬ್ಬ ಹೆಂಗಸು ಕೂರಲು ಆಗುವುದಿಲ್ಲ ಸ್ವಾಮಿ.

ನೌರಂಗಿ ದರವಾಜಾದ ಕೆತ್ತನೆ ಕೆಲಸ ನೋಡಿ ಬೀಗಿತ್ತಿಯ ಬಳಲಿಕೆ ಸ್ವಲ್ಪ ಇಳಿಯಿತು. ಕೋಟೆಯ ಬಾಗಿಲುಗಳಲ್ಲೆಲ್ಲ ಇದೇ ಚೆಂದ. ಸುತ್ತಮುತ್ತ ಸಿಕ್ಕಿದ ಹಳೆಯ ಶಿಲ್ಪಗಳನ್ನು ಇಲ್ಲೇ ತಂದು ಇಟ್ಟಿದ್ದಾರೆ. ಆ ದಿನ ನಾವು ಹೋದ ಇನ್ನೊಂದು ಜಾಗಕ್ಕೆ ಮಾತ್ರ ಬೀಗ. ಯಾವ ಜಾಗ ಅಂತ ಹೇಳುವುದಿಲ್ಲ, ಅಲ್ಲಿ ಕಾಯುವ ಪಾಪದವನಿಗೆ ಮೆಮೋ ಹೋಗುವುದು ಬೇಡ. ವಾರದ ರಜೆಯ ದಿನವೂ ಅದಾಗಿರಲಿಲ್ಲ. ಪಕ್ಕದ ಅಂಗಡಿಯವರನ್ನು ಕೇಳಿದರೆ "ಊಟಕ್ಕ ಹೋಗ್ಯಾನ್ರಿ, ಬರ್ತಾನ" ಅಂದರು. ಬರಲಿಲ್ಲ. ಒಬ್ಬನೇ ಮನುಷ್ಯ ಟಿಕೆಟ್ ಹರಿಯಬೇಕು, ಗುಡಿಸಬೇಕು, ಕಾಯಬೇಕು, ಊಟವನ್ನೂ ಮಾಡಬೇಕು ಅಂದರೆ ಹೀಗೇ ಆಗುವುದು. ಇನ್ನೊಬ್ಬರನ್ನು ಕೊಡಿ ಅಂತ ಕೇಳುವುದು ಅತಿಯಾಸೆ ಅಲ್ಲ.

ಹೊತ್ತಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾರ್ಚ್‌ನಿಂದ ಜೂನ್‌ವರೆಗೆ ರಾಯಚೂರಿನಲ್ಲಿ ಹತ್ತು ಗಂಟೆಗೆ ಬಾಗಿಲು ತೆರೆದರೆ ನೋಡುವವರು ಯಾರು? ಬೇರೆ ಊರಿನ ಕಚೇರಿ ಸಮಯ ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ಬೆಳಿಗ್ಗೆ ಆರಕ್ಕೆ ತೆರೆಯಿರಿ, ಹನ್ನೊಂದಕ್ಕೆ ಮುಚ್ಚಿ, ಮತ್ತೆ ನಾಲ್ಕಕ್ಕೆ ತೆರೆದು ಕತ್ತಲಾಗುವವರೆಗೆ ಇಡಿ. ಹೊಲಕ್ಕೆ ಹೋಗುವ ನಮ್ಮ ರೈತರು ಕೆಲಸ ಮಾಡುವುದೂ ಹೀಗೆಯೇ.

ಮಧ್ಯಾಹ್ನ ಖಾನಾವಳಿಗೆ ಹೋದೆವು. ಹೊರಗೆ ಬೋರ್ಡು ಅಂತ ಇದ್ದದ್ದು ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ "ಊಟ ತಯಾರಿದೆ" ಅಷ್ಟೇ. ಒಳಗೆ ಇಬ್ಬರು ಹೆಂಗಸರು ಎದುರು ಬದುರು ಕೂತು ರೊಟ್ಟಿ ಬಡಿಯುತ್ತಿದ್ದರು. ಒಬ್ಬರ ಕೈ ನಿಂತರೆ ಇನ್ನೊಬ್ಬರದು ಶುರು, ಸದ್ದು ತಪ್ಪುತ್ತಿರಲಿಲ್ಲ. ಹಂಚಿನಿಂದ ತೆಗೆದ ಜೋಳದ ರೊಟ್ಟಿ ನೇರ ತಟ್ಟೆಗೆ. ಜೋಳದ ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಯ, ಹೆಸರುಕಾಳು, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಕಡಿದುಕೊಳ್ಳಲು ಹಸಿ ಮೆಂತ್ಯ ಮತ್ತು ಉಳ್ಳಾಗಡ್ಡಿ. ಬೀಗಿತ್ತಿ ಪುಂಡಿಪಲ್ಯ ಬಾಯಿಗಿಟ್ಟು ಕಣ್ಣು ಕಿರಿದು ಮಾಡಿದರು. ಹುಳಿ ಹತ್ತಿತು. ಮತ್ತೊಂದು ತುತ್ತಿಗೆ ಒಗ್ಗಿತು. ಮೂರನೇ ರೊಟ್ಟಿಯ ಹೊತ್ತಿಗೆ ಅಡುಗೆಯವರ ಹತ್ತಿರ ಬೀಜ ಎಲ್ಲಿ ಸಿಗುತ್ತದೆ ಅಂತ ವಿಚಾರಿಸುತ್ತಿದ್ದರು. ತೀರ್ಥಹಳ್ಳಿಯ ಮಳೆಗೆ ಪುಂಡಿ ಬರುತ್ತದೋ ಇಲ್ಲವೋ, ನಾನು ತಡೆಯಲಿಲ್ಲ.

ಇಂಥ ಊಟ ನಮ್ಮೂರಿನಲ್ಲಿ ಗಲ್ಲಿ ಗಲ್ಲಿಗೂ ಇದೆ. ಹೊರಗಿನಿಂದ ಬಂದವರಿಗೆ ಸಿಗುವುದು ಮಾತ್ರ ಬಸ್ ನಿಲ್ದಾಣದ ಸುತ್ತಲಿನ ಆರಿದ ಪೂರಿ, ಸಪ್ಪೆ ಸಾಂಬಾರು. ಅವರು ಅದನ್ನೇ ತಿಂದು ರಾಯಚೂರಿನ ಊಟ ಇಷ್ಟೇ ಅಂತ ಹೋಗುತ್ತಾರೆ. ಖಾನಾವಳಿಯವರಿಗೆ ಸಾಲ ಕೊಡಿ, ಸಬ್ಸಿಡಿ ಕೊಡಿ ಅಂತ ನಾನು ಕೇಳುತ್ತಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಯಾವ ಖಾನಾವಳಿ ಇದೆ, ಊಟ ಎಷ್ಟು ಹೊತ್ತಿಗೆ ಸಿಗುತ್ತದೆ, ಇದನ್ನು ಕೋಟೆಯ ನಕ್ಷೆಯ ಜೊತೆಯಲ್ಲೇ ಬರೆದು ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ ದೊಡ್ಡದಾಗಿ ಹಾಕಿ. ಕನ್ನಡ, ತೆಲುಗು, ಉರ್ದು, ಹಿಂದಿ, ಇಂಗ್ಲಿಷ್, ಎಲ್ಲದರಲ್ಲೂ ಇರಲಿ. ಇದು ಆ ಐದೂ ಭಾಷೆಯಲ್ಲಿ 'ಬರ್ರಿ, ಹೋಗ್ರಿ' ಅನ್ನುವ ಊರು.

ಬಿಸಿಲು ತಗ್ಗಿದ ಮೇಲೆ ಏಕ್ ಮಿನಾರ್ ಮಸೀದಿ ನೋಡಿದೆವು. ಬಹಮನಿ ಮಹಮೂದ್ ಶಾಹನ ಕಾಲದ್ದು, 1513ರ ಸುಮಾರಿನದು. ಒಂದೇ ಮಿನಾರು, ಹತ್ತಿರ ಹತ್ತಿರ 65 ಅಡಿ. ಹೊರಗಿನಿಂದ ನೋಡಿ, ನಮಾಜಿನ ಹೊತ್ತಾಯಿತೆಂದು ಬಂದೆವು. ಆಮೇಲೆ ಕೋಟೆಯ ಬೆಟ್ಟ. ಬೀಗಿತ್ತಿ, ನಾನು ಕೆಳಗೇ ಕೂತೆವು, ಗಂಡಸರು ಹತ್ತಿದರು. ಮೇಲಿನಿಂದ ಖಾಸಬಾವಿ, ಮಾವಿನಕೆರೆ, ಇಡೀ ಊರು ಕಾಣುತ್ತದೆ. ಇಳಿಯುವಾಗ ಕತ್ತಲಾಗಿ, ಎಲ್ಲೂ ಒಂದು ದೀಪವಿಲ್ಲದೆ ಮೊಬೈಲ್ ಬೆಳಕಿನಲ್ಲಿ ಬಂದರು. ಮೆಟ್ಟಿಲ ಮೇಲೆ ಒಡೆದ ಬಾಟಲಿ ಗಾಜು ಬೇರೆ. ಸಂಜೆ ಅಲ್ಲಿ ಯಾರು ಕೂರುತ್ತಾರೆ ಅಂತ ಊರಿಗೆಲ್ಲ ಗೊತ್ತಿದೆ, ನಿಮಗೂ ಗೊತ್ತಿರಬೇಕು. ನಾಲ್ಕು ದೀಪ, ಒಬ್ಬ ಕಾವಲುಗಾರ ಇದ್ದರೆ ಕುಟುಂಬದವರು ಹತ್ತುತ್ತಾರೆ. ಕುಟುಂಬದವರು ಹತ್ತಿದರೆ ಬಾಟಲಿಯವರು ಹತ್ತುವುದಿಲ್ಲ.

ರಾತ್ರಿ ತೀನ್ ಕಂದೀಲ್ ವೃತ್ತದ ಕಡೆ ಸುತ್ತಾಡಿದೆವು. ಹುಡುಗ ಬಿರಿಯಾನಿ ತಿನ್ನಲು ಹೋದ. ನಾವು ಸೊಪ್ಪು ತಿನ್ನುವವರು ಹೊರಗೆ ನಿಂತು ಚಹಾ ಕುಡಿದೆವು, ಗಟ್ಟಿ ಹಾಲಿನ ಹೈದರಾಬಾದಿ ಚಹಾ. ಬಸ್ ಹತ್ತುವಾಗ ಬೀಗರು ನಮ್ಮ ಯಜಮಾನರಿಗೆ, "ಮುಂದಿನ ಸಲ ಎರಡು ದಿನ ಇಟ್ಕೊಂಡು ಬರ್ತೀವಿ. ಮಸ್ಕಿ ಅಶೋಕನ ಶಾಸನ ಬಾಕಿ ಉಳೀತಲ್ಲ" ಅಂದರು. ಅಶೋಕ ಅನ್ನುವ ಹೆಸರನ್ನೇ ಹೇಳುವ ಶಾಸನ ಮೊದಲು ಸಿಕ್ಕಿದ್ದು ನಮ್ಮ ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ ಅಂತ ದಾರಿಯಲ್ಲಿ ಹೇಳಿದ್ದೆ. ಬೀಗರಿಗೆ ಊರು ಹಿಡಿಸಿತು. ಅದು ನಿಮ್ಮಿಂದ ಅಲ್ಲ, ಜೊತೆಗೆ ಹೇಳುವವರು ಇದ್ದುದರಿಂದ. ಎಲ್ಲರಿಗೂ ಇಲ್ಲಿ ಬೀಗರು ಇರುವುದಿಲ್ಲ.

ಹಾಗಾಗಿ ನನ್ನ ವಿನಂತಿ ಇಷ್ಟು. ಶೌಚಾಲಯ ಮತ್ತು ಕುಡಿಯುವ ನೀರು ಎಲ್ಲಕ್ಕಿಂತ ಮೊದಲು. ಬಸ್ ನಿಲ್ದಾಣದಿಂದ ಆ ಉದ್ದ ಕಲ್ಲಿನವರೆಗೆ ದಾರಿ ತೋರಿಸುವ ಬಾಣದ ಗುರುತು. ಬಿಸಿಲಿಗೆ ತಕ್ಕ ಹೊತ್ತು. ಬೆಟ್ಟಕ್ಕೆ ದೀಪ. ಗಾಡಿಯವರಿಗೆ ನಲ್ಲಿ. ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ಮಕ್ಕಳನ್ನು ಕೋಟೆಗೆ ನಡೆಸಿಕೊಂಡು ಬರಲಿ, ಅದಕ್ಕೆ ಬಸ್ಸಿನ ಖರ್ಚೂ ಇಲ್ಲ. ಆಟೋದವರಿಗೆ ಒಂದು ಬೆಳಿಗ್ಗೆ ಕೋಟೆ ಸುತ್ತಿಸಿ ಕತೆ ಹೇಳಿ. ಊರಿಗೆ ಬಂದವರು ಮೊದಲು ಮಾತಾಡುವುದು ಅವರ ಜೊತೆ. ಇದು ನನ್ನ ಕೆಲಸವಲ್ಲ, ಆ ಇಲಾಖೆಯದು, ಈ ಇಲಾಖೆಯದು ಅನ್ನುವ ಉತ್ತರ ಬರುತ್ತದೆ ಅಂತ ಗೊತ್ತು. ಅದಕ್ಕೇ ಈ ಪತ್ರವನ್ನು ಒಬ್ಬರ ಹೆಸರಿಗೆ ಬರೆಯದೆ ಎಲ್ಲರಿಗೂ ಬರೆದಿದ್ದೇನೆ. ನೀವೆಲ್ಲ ಒಂದು ದಿನ ಕೂತು ಯಾರದು ಯಾವುದು ಅಂತ ಹಂಚಿಕೊಳ್ಳಿ.

ಬೋರ್ಡಿಗೆ ಬರಹ ಬರೆಸಲು ಸಮಿತಿ ಬೇಕು, ಸಮಯ ಬೇಕು ಅನ್ನಬಾರದು ಅಂತ ಕಲ್ಲಿನ ಪಕ್ಕದ ಬೋರ್ಡಿಗೆ ನಾನೇ ಕರಡು ಬರೆದಿದ್ದೇನೆ. ತಿಳಿದವರಿಂದ ತಿದ್ದಿಸಿಕೊಳ್ಳಿ, ಎತ್ತೋ ಕೋಣವೋ ಅನ್ನುವುದನ್ನೂ ಅವರೇ ತೀರ್ಮಾನಿಸಲಿ:

"ಈ ಒಂದೇ ಕಲ್ಲು 41 ಅಡಿಗಿಂತ ಉದ್ದ. ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಈ ಕೋಟೆ ಕಟ್ಟಿಸಿದ ಎಂದು ಇದರ ಮೇಲೆ ತೆಲುಗಿನಲ್ಲಿ ಬರೆದಿದೆ. ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಬಗೆಯನ್ನು ಗೋಡೆಯ ಮೇಲಿನ ಚಿತ್ರದಲ್ಲಿ ನೋಡಿ. ಎತ್ತುಗಳು ಕಲ್ಲು ಎಳೆಯುವುದನ್ನು ಕಣ್ಣಾರೆ ನೋಡಬೇಕಾದರೆ ಕಾರಹುಣ್ಣಿಮೆಯ ಮುಂಗಾರು ಹಬ್ಬಕ್ಕೆ ರಾಯಚೂರಿಗೆ ಬನ್ನಿ. ಕುಡಿಯುವ ನೀರು ಮತ್ತು ಶೌಚಾಲಯ ಎಡಕ್ಕೆ."

ಕೊನೆಯ ಸಾಲು ಬರೆಸುವ ಮೊದಲು ಅವೆರಡನ್ನೂ ಕಟ್ಟಿಸಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ರಾಯಚೂರಿನ ಒಬ್ಬ ಗೃಹಿಣಿ